ದೊಡ್ಡಮ್ಮನಿಗೆ ಬಿಸಿನೀರು

ಜೀಪಿನವನು ಹೆಗಲು ಕೊಟ್ಟು ಗುದ್ದಿದ. ಬಚ್ಚಲ ಬಾಗಿಲ ಚಿಲಕ ಕಿತ್ತು ಬಂತು.

ಒಳಗೆ ಬಕೆಟ್ಟು ತುಂಬಿ ಹರಿಯುತ್ತಿತ್ತು. ಪಕ್ಕದಲ್ಲಿ ಟೀಚರಮ್ಮ ಗೋಡೆಗೆ ಒರಗಿ ಕೂತಿದ್ದರು. ಮೈಮೇಲೆ ಟವೆಲ್ಲು. ಮುಖ ಕೆಂಪಗಿತ್ತು. ಕಣ್ಣು ಅರೆಮುಚ್ಚಿತ್ತು. ಲಾಡ್ಜ್ ಅಕ್ಕ ಓಡಿಹೋಗಿ ಭುಜ ಅಲುಗಿಸಿದಳು. ತಲೆ ಒಂದು ಕಡೆ ವಾಲಿತು, ಹಾಗೇ ನಿಂತಿತು.

"ಅಯ್ಯೋ ದೇವರೇ! ಈಗಷ್ಟೇ ಗುಡ್ ಮಾರ್ನಿಂಗ್ ಅಂದಿದ್ರಲ್ಲೋ!" ಎಂದು ಅಕ್ಕ ಕುಸಿದು ಕೂತಳು.

ಹುಲಿ ನೋಡಬೇಕೆಂದು ಬಂದಿದ್ದ ಹೆಂಗಸು. ಸರ್ವೀಸೆಲ್ಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತಿಯಾದವರು. ಕಾಡಿನ ಗೇಟಿಗೆ ಹೋಗುವ ಜೀಪು ಅಂಗಳದಲ್ಲಿ ನಿಂತಿತ್ತು. ಹೊರಡುವ ಹೊತ್ತಾದರೂ ಬಚ್ಚಲಿಂದ ಉತ್ತರವಿಲ್ಲ. ಅದಕ್ಕೇ ಬಾಗಿಲು ಮುರಿದಿದ್ದು.

ಅಷ್ಟರಲ್ಲಿ ಟೀಚರಮ್ಮನ ತಂಗಿ ಮಗ ಬಂದ. ಹೆಗಲಲ್ಲಿ ನೀಲಿ ಚೀಲ, ಕೈಯಲ್ಲಿ ಸಫಾರಿ ಟಿಕೆಟ್ಟು. ಬಾಗಿಲಲ್ಲೇ ನಿಂತು, "ದೊಡ್ಡಮ್ಮಾ!" ಎಂದು ಚೀರಿದ. ಆ ಕೂಗಿಗೆ ಜೀಪಿನವನ ಕಣ್ಣಲ್ಲೂ ನೀರು ಬಂತು.

* * *

ಇನ್ಸ್‌ಪೆಕ್ಟರ್ ಮೇಡಂ ಬಚ್ಚಲಿನೊಳಗೆ ನಿಂತು ಸುತ್ತ ಕಣ್ಣಾಡಿಸಿದಳು. ಕಡಿಮೆ ಮಾತಿನವಳು. ಹಿಂದೆ ದಫೇದಾರ ಇದ್ದ. ಅವನು ಇಬ್ಬರ ಪಾಲಿನದ್ದೂ ಮಾತಾಡುತ್ತಿದ್ದ.

"ಗ್ಯಾಸ್ ಗೀಸರ್ ಮೇಡಂ. ಗೋಡೆಗೇ ಬಡಿದಿದ್ದಾರೆ ನೋಡಿ, ಒಳಗಡೆ. ಗಾಳಿಯಾಡದಿದ್ರೆ ವಿಷಗಾಳಿ ತುಂಬುತ್ತೆ. ವಾಸನೆಯೂ ಇರಲ್ಲ, ಬಣ್ಣವೂ ಇರಲ್ಲ. ಮುಖ ಕೆಂಪಾಗಿದ್ದು ಅದಕ್ಕೇ. ಸಣ್ಣ ಲಾಡ್ಜು ಅಂದ್ರೆ ಇದೇ ಹಣೆಬರಹ. ಕೇಸ್ ಮುಗೀತು."

"ನಿಮ್ಮದು ಮುಗೀತಾ? ನನ್ನದು ಇನ್ನೂ ಶುರುವಾಗಿಲ್ಲ."

ಮೇಡಂ ತಲೆಯೆತ್ತಿ ನೋಡಿದಳು.

ಮೇಲೆ ಒಂದು ಗಾಳಿಕಿಂಡಿ ಇತ್ತು. ಕೋತಿ ನುಗ್ಗದಿರಲಿ ಎಂದು ಕಬ್ಬಿಣದ ತಂತಿಯ ಜಾಲರಿ, ಅದರ ಹೊರಗೆ ಅಗಲ ಸಂದಿನ ಕಂಬಿ. ಗಾಜು ಇರಲಿಲ್ಲ. ತಣ್ಣನೆ ಗಾಳಿ ಮುಖಕ್ಕೇ ರಪ್ಪನೆ ಹೊಡೆಯುತ್ತಿತ್ತು. ಗೀಸರ್ ಹಚ್ಚಿ ನೋಡಿದರೆ ಉರಿ ಚೆನ್ನಾಗಿ ನೀಲಿಯಾಗಿತ್ತು, ಮಸಿ ಇಲ್ಲ.

ಮೆಟ್ಟಿಲ ಮೇಲೆ ಅಕ್ಕ ತಲೆಮೇಲೆ ಕೈ ಹೊತ್ತು ಕೂತಿದ್ದಳು. ಗಂಡ ಹೋದ ಮೇಲೆ ಮನೆಯನ್ನೇ ಲಾಡ್ಜು ಮಾಡಿಕೊಂಡು ಬದುಕಿದವಳು.

"ನಾನೇ ಕೊಂದೆ ಮೇಡಂ. ನನ್ನ ಗೀಸರೇ ಕೊಂದಿದ್ದು. ನನ್ನ ಕರ್ಕೊಂಡು ಹೋಗಿ."

"ಕಿಂಡಿಯ ಗಾಜು ಯಾರು ತೆಗೆದದ್ದು?"

"ನಾನೇ. ಗೀಸರ್ ಹಾಕಿಸಿದ ದಿನವೇ ತೆಗೆಸಿದೆ. ಚಳಿ ಆಗುತ್ತೆ ಅಂತ ಗಿರಾಕಿಗಳು ಬೈತಾರೆ. ಬೈಕೊಳ್ಳಲಿ ಅಂತ ಬಿಟ್ಟಿದ್ದೆ."

"ಬಾಗಿಲು ಒಡೆದಾಗ ಏನೇನು ಕಂಡಿತು? ನೆನಪು ಮಾಡ್ಕೊಂಡು ಹೇಳಿ."

"ಏನು ಹೇಳಲಿ... ಕೊಳಾಯಿ ನಿಲ್ಲಿಸಿದೆ. ಅವರನ್ನ ಎತ್ತೋಕೆ ಬಗ್ಗಿದೆ. ಕುತ್ತಿಗೆ ಮೇಲೆ ತಟ್ ತಟ್ ಅಂತ ನೀರು ಬಿತ್ತು. ನೋಡಿದ್ರೆ ತಲೆಮೇಲಿನ ತಾರಸಿಯೆಲ್ಲ ಒದ್ದೆ."

"ದಿನಾ ಹಾಗೇ ಒದ್ದೆಯಾಗುತ್ತಾ?"

ಅಕ್ಕ ತಲೆಯೆತ್ತಿದಳು. "ಇಲ್ಲ. ಹಬೆ ಎಲ್ಲ ಕಿಂಡಿಯಿಂದ ಹೊರಗೆ ಹೋಗುತ್ತೆ. ಯಾವತ್ತೂ ಹಾಗೆ ತೊಟ್ಟಿಕ್ಕಿಲ್ಲ."

ಮೇಡಂ ಹೂಂ ಅಂದಳು, ಅಷ್ಟೇ. ಪಕ್ಕದ ರೂಮಿಗೆ ಹೋದಳು. ಅದು ತಂಗಿ ಮಗನ ರೂಮು. ಅವನು ಮಂಚದ ತುದಿಯಲ್ಲಿ ಮುಖ ಮುಚ್ಚಿ ಅಳುತ್ತಿದ್ದ. ರೂಮು ಅಚ್ಚುಕಟ್ಟು. ಹಾಸಿಗೆಗೆ ಒಂದು ಸುಕ್ಕಿಲ್ಲ. ದಿಂಬಿನ ಕವರಿನ ಹೊಲಿಗೆ ಮಾತ್ರ ಹೊರಗಿತ್ತು.

"ಬೆಳಗ್ಗೆ ಎಲ್ಲಿದ್ರಿ?"

"ಗೇಟ್ ಹತ್ರ ಮೇಡಂ, ಟಿಕೆಟ್ ಸಾಲಲ್ಲಿ. ಕತ್ತಲಲ್ಲೇ ಹೋಗಿ ನಿಂತಿದ್ದೆ. ನಾನು ಇಲ್ಲೇ ಇದ್ದಿದ್ರೆ..." ಮಾತು ಅಳುವಿನಲ್ಲಿ ಮುಳುಗಿತು.

ಹೊರಗೆ ಬರುವಷ್ಟರಲ್ಲಿ ಫೋನು. ಸಾಹೇಬರು. ಊರಲ್ಲಿ ಈಗಾಗಲೇ ಗುಲ್ಲೆದ್ದಿತ್ತು. ಕಾಡಿನೊಳಗಿನ ದೊಡ್ಡ ರೆಸಾರ್ಟಿನವರಿಗೆ ಈ ಸಣ್ಣ ಲಾಡ್ಜುಗಳೆಂದರೆ ಮೊದಲೇ ಹೊಟ್ಟೆಯುರಿ.

"ಸಂಜೆಯೊಳಗೆ ಲಾಡ್ಜಿಗೆ ಬೀಗ ಬೀಳಬೇಕು. ಆ ಹೆಂಗಸು ಲಾಕಪ್ಪಲ್ಲಿರಬೇಕು. ತಿಳೀತಾ?"

"ತಿಳೀತು ಸಾರ್. ಸಂಜೆಗೆ ಇನ್ನೂ ಹೊತ್ತಿದೆ."

ಫೋನಿಟ್ಟು ಅಕ್ಕನ ಕಡೆ ತಿರುಗಿದಳು. "ಇವರು ನಿಮ್ಮ ಲಾಡ್ಜಿಗೇ ಯಾಕೆ ಬಂದ್ರು? ಗೇಟಿನಿಂದ ದೂರ. ಬಾಡಿಗೆಯೂ ಬೇರೆ ಕಡೆಗಿಂತ ಜಾಸ್ತಿ."

ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಆ ಹುಡುಗ ಚಿನ್ನದಂಥವನು ಮೇಡಂ. ದೊಡ್ಡಮ್ಮನಿಗೋಸ್ಕರ ರೂಮು ಹುಡುಕಿ ಹುಡುಕಿ ಸುಸ್ತಾಗಿದ್ದನಂತೆ. ಅವರೇ ನಿನ್ನೆ ನನಗೆ ಹೇಳಿದ್ರು. 'ಊರಲ್ಲಿರೋ ಲಾಡ್ಜಿಗೆಲ್ಲ ಫೋನ್ ಮಾಡಿದಾನೆ ಕಣಮ್ಮ. ನನಗೆ ಬಿಸಿನೀರು ಸಿಗಬೇಕು, ಅದೊಂದೇ ಅವನ ಚಿಂತೆ. ಹೆತ್ತ ಮಗನೂ ಇಷ್ಟು ಮಾಡಲ್ಲ' ಅಂತ."

* * *

"ಅಲ್ಲ ಮೇಡಂ, ಆ ಅಕ್ಕನ್ನ ಹಿಡಿಯೋದು ಬಿಟ್ಟು ನಾವ್ಯಾಕೆ ಲಾಡ್ಜು ಲಾಡ್ಜು ಸುತ್ತಬೇಕು? ರೂಮು ಬೇಕಾ ನಿಮಗೆ?" ದಫೇದಾರನಿಗೆ ಬಿಸಿಲು ತಲೆಗೇರಿತ್ತು.

"ಬೇಕು. ಅಗ್ಗದ್ದು ಬೇಕು. ನಡೀರಿ."

ಮೊದಲ ಲಾಡ್ಜಿನ ಮೀಸೆ ಯಜಮಾನ ಕುರ್ಚಿ ಒರೆಸಿ ಕೊಟ್ಟ.

"ಫೋನ್ ಬಂದಿತ್ತು ಮೇಡಂ. ದೊಡ್ಡಮ್ಮನ್ನ ಕರ್ಕೊಂಡು ಬರ್ತೀನಿ, ಬಿಸಿನೀರು ಹೇಗೆ ಅಂದ. ಕರೆಂಟ್ ಗೀಸರ್ ಅಂದೆ. ಬೇಡ ಅಂದ."

"ಕಾರಣ?"

"ಕರೆಂಟ್ ಹೋದ್ರೆ ದೊಡ್ಡಮ್ಮ ಚಳಿಯಲ್ಲಿ ನಿಲ್ಲಬೇಕಾಗುತ್ತೆ ಅಂತ. ನ್ಯಾಯವಾದ ಮಾತೇ."

"ನೋಡಿದ್ರಾ? ಪಾಪ," ಎಂದ ದಫೇದಾರ.

ಎರಡನೆಯದರಲ್ಲಿ ನೀರು ಬಿಸಿಲಿನಿಂದ ಕಾಯುತ್ತಿತ್ತು. ಮೋಡ ಕವಿದರೆ ಕಷ್ಟ ಎಂದು ಅದನ್ನೂ ಬಿಟ್ಟಿದ್ದ. ಅದೂ ಸರಿಯೇ. ದಫೇದಾರ ಮತ್ತೊಮ್ಮೆ ಪಾಪ ಎಂದ.

ಮೂರನೆಯದು ಕಾಡಿನ ಗೇಟಿಗೆ ಅಂಟಿಕೊಂಡೇ ಇತ್ತು. ಬಾಡಿಗೆ ಎಲ್ಲಕ್ಕಿಂತ ಕಡಿಮೆ. ನಡೆಸುವಾಕೆ ಚಾದರ ಮಡಚುತ್ತಲೇ ಮಾತಾಡಿದಳು.

"ನಮ್ಮದು ಗ್ಯಾಸಿನ ನೀರು. ಯಾವಾಗ ಬೇಕೋ ಆವಾಗ ಸುಡುಸುಡು ಸಿಗುತ್ತೆ ಅಂದೆ. ಖುಷಿಯಾದ. ಆಮೇಲೆ ಗೀಸರ್ ಎಲ್ಲಿದೆ ಅಂತ ಕೇಳಿದ. ಹೊರಗೆ, ಪ್ಯಾಸೇಜಲ್ಲಿ, ಪೈಪಲ್ಲಿ ನೀರು ಒಳಗೆ ಬರುತ್ತೆ ಅಂದೆ. ಹಾಗಾದ್ರೆ ಬೇಡ ಅಂದುಬಿಟ್ಟ. ನನಗೆ ತಲೆಬುಡ ಅರ್ಥವಾಗಲಿಲ್ಲ."

ದಫೇದಾರ ಪಾಪ ಅನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿದ.

"ದಫೇದಾರ್ರೇ, ಸ್ನಾನ ಮಾಡೋಳಿಗೆ ಗೀಸರ್ ಒಳಗಿದ್ರೇನು, ಹೊರಗಿದ್ರೇನು? ನೀರು ಬಿಸಿಯಿದ್ರೆ ಸಾಕಲ್ವಾ?"

"ಸಾಕು ಮೇಡಂ."

"ಹಾಗಾದ್ರೆ ಅವನು ಹುಡುಕಿದ್ದು ಬಿಸಿನೀರನ್ನಲ್ಲ."

* * *

ಗೇಟಿನ ಮುಂದೆ ಟೀ ಅಂಗಡಿ. ಅಂಗಡಿಯವಳ ಕಣ್ಣು ತಪ್ಪಿಸಿ ಆ ಸಾಲಲ್ಲಿ ಒಂದು ಇರುವೆಯೂ ನುಗ್ಗುವಂತಿರಲಿಲ್ಲ.

"ನೀಲಿ ಚೀಲದವನಾ? ಬಂದಿದ್ದ. ಬಂದ, ಚೀಲ ಇಟ್ಟ, ಹೋದ."

"ಎಲ್ಲಿಗೆ?"

"ನನಗೇನು ಗೊತ್ತು ತಾಯಿ? ಇಲ್ಲಿ ಎಲ್ಲರೂ ಹಾಗೇ. ಆ ಚಳಿಯಲ್ಲಿ ಯಾರು ನಿಲ್ತಾರೆ? ಚೀಲವೋ ಚಪ್ಪಲಿಯೋ ಇಟ್ಟು ಜಾಗ ಹಿಡೀತಾರೆ. ಸಾಲು ಮುಂದೆ ಹೋದ ಹಾಗೆ ನಾನೇ ಕಾಲಲ್ಲಿ ತಳ್ತೀನಿ. ಅವನ ಚೀಲವನ್ನೂ ತಳ್ಳಿದ್ದು ನಾನೇ. ಕೌಂಟರ್ ತೆಗೆಯೋ ಹೊತ್ತಿಗೆ ಏದುಸಿರು ಬಿಡ್ತಾ ಓಡಿಬಂದ."

ಲಾಡ್ಜಿಗೆ ಬಂದವಳೇ ಮೇಡಂ ಹಿತ್ತಲಿಗೆ ಹೋದಳು. ಗಾಳಿಕಿಂಡಿಯ ಕೆಳಗೇ ಬಟ್ಟೆ ಒಗೆಯುವ ಕಲ್ಲು. ಅದರ ಮೇಲೆ ಹತ್ತಿ ಕೈ ಚಾಚಿದಳು. ಕಂಬಿಗೂ ಜಾಲರಿಗೂ ನಡುವೆ ಒಂದು ದಿಂಬು ತುರುಕುವಷ್ಟು ಜಾಗ. ಜಾಲರಿ ಮುಟ್ಟಿದ ಬೆರಳಿಗೆ ತುಕ್ಕು ಅಂಟಿತು.

ಅಕ್ಕನನ್ನು ಕರೆದಳು. "ದಿಂಬಿಗೆ ಕವರು ಹಾಕೋದು ಯಾರು?"

"ನಾನೇ."

"ಹೊಲಿಗೆ ಹೊರಗೆ ಮಾಡಿ ಹಾಕ್ತೀರಾ?"

ಅಂಥ ದುಃಖದಲ್ಲೂ ಅಕ್ಕನಿಗೆ ಸಿಟ್ಟು ಬಂತು. "ಏನಂದ್ರಿ? ಬಡವಿ ಇರಬಹುದು, ಕೊಳಕಿ ಅಲ್ಲ ಮೇಡಂ ನಾನು."

* * *

ಸಂಜೆ ಲಾಡ್ಜಿನ ಮುಂದಿನ ಕೋಣೆಯಲ್ಲಿ ಎಲ್ಲರೂ ಇದ್ದರು. ತಂಗಿ ಮಗ ಊರಿಗೆ ಹೊರಡಲು ಚೀಲ ಕಟ್ಟಿದ್ದ.

ಮೇಡಂ ಮೇಜಿನ ಮೇಲೆ ಅವನ ರೂಮಿನ ದಿಂಬು ಇಟ್ಟಳು. ಕವರು ಬಿಚ್ಚಿ ಒಳಗಿನ ಮೈ ಹೊರಗೆ ಮಾಡಿದಳು. ಬಿಳಿ ಬಟ್ಟೆಯ ಮೇಲೆ ಕೆಂಚು ತುಕ್ಕಿನ ಚೌಕ ಚೌಕ ಗುರುತು. ಜಾಲರಿ ಅಚ್ಚೊತ್ತಿದ ಹಾಗಿತ್ತು.

"ಗೀಸರ್ ಸರಿಯಿದೆ. ಕಿಂಡಿ ತೆರೆದಿದ್ರೆ ಟೀಚರಮ್ಮ ಸಾಯ್ತಿರಲಿಲ್ಲ. ತಾರಸಿಯೂ ತೊಟ್ಟಿಕ್ತಿರಲಿಲ್ಲ. ಅವರು ಸ್ನಾನಕ್ಕೆ ಹೋದಾಗ ಕಿಂಡಿ ಮುಚ್ಚಿತ್ತು. ಬಾಗಿಲು ಒಡೆಯೋ ಮುಂಚೆ ತೆರೀತು. ಕಿಂಡಿ ತಾನಾಗಿ ಮುಚ್ಚಿ ತೆರೆಯಲ್ಲ."

"ನಾನು ಸಾಲಲ್ಲಿ..."

"ಸಾಲಲ್ಲಿ ನಿಂತಿದ್ದು ನಿನ್ನ ಚೀಲ. ನೀನು ಒಗೆಯೋ ಕಲ್ಲಿನ ಮೇಲೆ ನಿಂತಿದ್ದೆ. ದಿಂಬು ತುರುಕಿ, ಆಮೇಲೆ ಕಿತ್ತು, ಕಲೆ ಕಾಣದಿರಲಿ ಅಂತ ಕವರು ಉಲ್ಟಾ ಮಾಡಿ, ಟಿಕೆಟ್ಟಿಗೆ ಓಡಿದೆ. ಗೀಸರ್ ಬಚ್ಚಲೊಳಗೇ ಇರೋ ಲಾಡ್ಜು ಸಿಗೋವರೆಗೂ ಬೇರೆ ಎಲ್ಲಾನೂ ಬೇಡ ಅಂದೆ. ದೊಡ್ಡಮ್ಮನ ಹೆಸರು ಹೇಳಿ ಬೇಡ ಅಂದೆ."

"ನಾನ್ಯಾಕೆ ಮಾಡಲಿ? ಅವರೇ ನನ್ನ ಸಾಕಿದ್ದು!"

ಈಗ ಅಕ್ಕ ಬಾಯಿಬಿಟ್ಟಳು. "ನಿನ್ನೆ ಟೀಚರಮ್ಮ, ಊರಿಗೆ ಹೋದ ಮೇಲೆ ಮನೇನ ಶಾಲೆಗೆ ಬರೆದುಕೊಡ್ತೀನಿ, ಹೆಣ್ಣುಮಕ್ಕಳ ಹಾಸ್ಟೆಲ್ಲಾಗಲಿ, ನನ್ನ ಮಗ ಕೈಕಾಲು ಗಟ್ಟಿಯಿರೋನು, ಬದುಕ್ಕೋತಾನೆ ಅಂದ್ರು. ನಿನ್ನ ಎದುರಿಗೇ ಅಂದ್ರು. ನೀನು ನಗ್ತಾ ತಲೆ ಆಡಿಸ್ದೆ."

ಅವನ ಕಣ್ಣೀರು ನಿಂತುಹೋಯಿತು. ಬೆಳಗಿಂದ ಹರಿದದ್ದು ಕೊಳಾಯಿ ತಿರುಗಿಸಿದಂತೆ ನಿಂತಿತು. ಅದನ್ನು ಕಂಡು ಜೀಪಿನವನು ಥೂ ಎಂದು ಹೊರಗೆ ನಡೆದ. ದಫೇದಾರ ಬೇಡಿ ತೆಗೆದ.

* * *

ಪೊಲೀಸ್ ಜೀಪಿನ ಹಿಂದಿನ ಸೀಟಿನಲ್ಲಿ ಮೇಡಂ ಅವನನ್ನು ಒಂದೇ ಮಾತು ಕೇಳಿದಳು.

"ದೊಡ್ಡಮ್ಮ ಕೂಗಿದ್ರಾ?"

ಅವನು ತನ್ನ ಕೈಗಳನ್ನೇ ನೋಡುತ್ತ ಹೇಳಿದ. "ಒಂದು ಸಲ. ನಾನು ರೂಮಲ್ಲಿದೀನಿ ಅಂದ್ಕೊಂಡು ಗೋಡೆ ತಟ್ಟಿದ್ರು. 'ಮಗಾ, ತಲೆ ಸುತ್ತುತ್ತಿದೆ, ಒಂಚೂರು ಬಾರೋ' ಅಂದ್ರು."

"ಆಗ?"

"ಆಗಲೂ ದಿಂಬು ಒತ್ತಿ ಹಿಡಿದಿದ್ದೆ."

ಮೇಡಂಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೈ ಬಿಗಿಹಿಡಿದು ಕೆಳಗಿಳಿದಳು. ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದಳು. ಲಾಡ್ಜಿಗೆ ಬೀಗ ಬೀಳಲಿಲ್ಲ. ಅಕ್ಕನ ಮುಖದಲ್ಲಿ ನೆಮ್ಮದಿಯೂ ಇರಲಿಲ್ಲ.

"ಮೇಡಂ, ಒಂದು ಕೇಳ್ತೀನಿ. ಅವನೇ ಅಂತ ಅವರಿಗೆ ಕೊನೇಲಿ ಗೊತ್ತಾಯ್ತಾ? ಕಷ್ಟಪಟ್ರಾ? ನನ್ನ ಮನೇಲಿ ಹೋದ ಜೀವ, ಅದೊಂದು ತಿಳಿದ್ರೆ ನಾನು ನಿದ್ದೆ ಮಾಡಬಹುದು."

ಬೆಳಗಿಂದ ಎಲ್ಲರ ಸುಳ್ಳನ್ನೂ ಹಿಡಿದವಳು ಇನ್ಸ್‌ಪೆಕ್ಟರ್ ಮೇಡಂ. ಅಕ್ಕನ ಕೈ ಹಿಡಿದುಕೊಂಡಳು.

"ಇಲ್ಲ ಅಕ್ಕಾ. ಸುಮ್ನೆ ನಿದ್ದೆ ಬಂದ ಹಾಗೆ ಹೋದ್ರು. ಯಾರನ್ನೂ ಕರೀಲಿಲ್ಲ."