ಕೈ ಸೋಕದ ಬಾಗಿಲು

ಮೌನೇಶನಿಗೆ ಕಳ್ಳನಾಗುವ ಆಸೆ ಚಿಕ್ಕಂದಿನಿಂದ ಇದ್ದದ್ದೇನಲ್ಲ. ಅದು ಹುಟ್ಟಿದ್ದು ಅಕ್ಕಿಹೆಬ್ಬಾಳಿನಲ್ಲಿ, ಸಿದ್ದರಾಜುವಿನ ಮನೆಯ ಜಗುಲಿಯ ಮುಂದೆ, ಒಂದು ನಗುವಿನಿಂದ.

ಊರಾಚೆ ಹೇಮಾವತಿಗೆ ಹೋಗುವ ದಾರಿಯಲ್ಲಿ ಸಿದ್ದರಾಜುವಿನ ತಾತ ಕಟ್ಟಿಸಿದ ಛತ್ರವೊಂದಿತ್ತು. ಮೂವತ್ತು ವರ್ಷಗಳಿಂದ ಅದಕ್ಕೆ ಬೀಗ. ಗೋಡೆಯೊಳಗೆ ಅತ್ತಿಮರ ಬೇರುಬಿಟ್ಟು ಚಾವಣಿ ಅರ್ಧ ಕುಸಿದಿತ್ತು. ಬಾಗಿಲ ನೆತ್ತಿಯಲ್ಲಿದ್ದ ಎರಡು ಮೊಳದ ಹೊನ್ನೆ ಹಲಗೆಯ ಮೇಲೆ ಗಜಲಕ್ಷ್ಮಿ ಮಾತ್ರ ಏನೂ ಆಗಿಲ್ಲವೆಂಬಂತೆ ಕೂತಿದ್ದಳು. ಅವಳನ್ನು ಕೆತ್ತಿದ್ದು ಮೌನೇಶನ ಮುತ್ತಾತ. ಮೌನೇಶನ ಅಪ್ಪ ಕೃಷ್ಣಮೂರ್ತಿಯೂ ಮರಗೆಲಸದವನೇ. ಗೆದ್ದಲು ತಿನ್ನುವ ಮುಂಚೆ ಆ ಹಲಗೆಯೊಂದನ್ನು ಕೊಟ್ಟರೆ ಮನೆಯಲ್ಲಿಟ್ಟುಕೊಳ್ಳುತ್ತೇನೆ, ಅದರ ಜಾಗಕ್ಕೆ ಹೊಸ ಹಲಗೆ ಹಾಕಿಕೊಡುತ್ತೇನೆ ಎಂದು ಕೇಳಲು ಹೋಗಿದ್ದ. ಕೆಲಸದ ಚೀಲ ಹೊತ್ತು ಮೌನೇಶ ಹಿಂದೆ ನಿಂತಿದ್ದ.

ಸಿದ್ದರಾಜು ಕಾಫಿ ಲೋಟ ಕೆಳಗಿಟ್ಟ. "ಕೆತ್ತುದ್ದಕ್ಕೆ ಆವತ್ತೇ ಕೂಲಿ ಕೊಟ್ಟಾಗದೆ ಆಚಾರ್ರೇ. ಇವತ್ತು ನೀವು ಹಲ್ಗೆ ಕೇಳ್ತೀರಿ, ನಾಳೀಕೆ ಗಾರೆಯೋನು ಬಂದು ಗೋಡೆ ಕೇಳ್ತಾನೆ," ಎಂದು ನಕ್ಕ.

ಅವನು ನಕ್ಕದ್ದಕ್ಕಿಂತ, ಅಪ್ಪನೂ ಜೊತೆಗೆ ನಕ್ಕುಬಿಟ್ಟದ್ದು ಮೌನೇಶನನ್ನು ಹೆಚ್ಚು ಚುಚ್ಚಿತು. ದಾರಿಯಲ್ಲಿ ಅಪ್ಪ, "ಬುಡ್ಲಾ, ಅವ್ರ ವಸ್ತು ಅವ್ರ್ದು," ಎಂದಷ್ಟೇ ಹೇಳಿದ. ಆ ಗಜಲಕ್ಷ್ಮಿಯನ್ನು ಅಪ್ಪನ ಮನೆಗೆ ತಂದೇ ತರುತ್ತೇನೆ ಎಂದು ಮೌನೇಶ ಅಲ್ಲೇ ನಿರ್ಧರಿಸಿದ. ಹೇಗೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಿರ್ಧಾರ ಮಾಡುವುದರಲ್ಲಿ ಅವನು ಮೊದಲಿನಿಂದಲೂ ಮುಂದು.

ದಾರಿ ತೋರಿಸಿದ್ದು ಅವನು ಓದುತ್ತಿದ್ದ ಕೆ.ಆರ್.ಪೇಟೆಯ ಕಾಲೇಜು. ಪತ್ರಿಕೋದ್ಯಮ ಪಾಠ ಮಾಡುವ ಪ್ರಮೀಳಾ ಮೇಡಂ ಕೊನೆಯ ವರ್ಷದವರಿಗೆ ಪ್ರಾಜೆಕ್ಟು ಹಂಚಿದಾಗ ಅವನ ಪಾಲಿಗೆ ಬಂದದ್ದು 'ಪಾಳುಬಿದ್ದ ಕಟ್ಟಡಗಳು ಮತ್ತು ಪ್ರಕೃತಿ'. ನಾಲ್ಕು ತಾಲ್ಲೂಕು ಸುತ್ತಬೇಕು, ಇಪ್ಪತ್ತು ಫೋಟೋ ಕೊಡಬೇಕು. ಕಾಲೇಜಿನ ಕ್ಯಾಮೆರಾ, ಸ್ಟ್ಯಾಂಡು, ಅದನ್ನಿಡುವ ಉದ್ದನೆಯ ಚೀಲ ಎಲ್ಲ ಸಿಕ್ಕವು. ಜೊತೆಗೆ, ಈ ವಿದ್ಯಾರ್ಥಿಗೆ ಸಹಕರಿಸಬೇಕಾಗಿ ವಿನಂತಿ ಎಂದು ಸೀಲು ಹಾಕಿದ ಒಂದು ಪತ್ರ. ಪಾಳು ಕಟ್ಟಡಕ್ಕೆ ನುಗ್ಗಲು ಕಳ್ಳನಿಗೆ ಕಾಲೇಜೇ ಪರವಾನಗಿ ಕೊಟ್ಟದ್ದನ್ನು ಅವನು ಎಲ್ಲೂ ಕೇಳಿರಲಿಲ್ಲ. ಚೀಲದ ಉದ್ದ ಅಳೆದ. ಎರಡು ಮೊಳಕ್ಕೆ ಇನ್ನೂ ನಾಲ್ಕು ಬೆರಳು ಜಾಗ ಉಳಿಯುತ್ತಿತ್ತು.

ಮೊದಲು ಅಭ್ಯಾಸ ಮಾಡಿದ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಬೇವಿನ ಮರ ಚಾವಣಿ ಸೀಳಿಕೊಂಡು ಬೆಳೆದ ಹಳೆಯ ಮನೆಯೊಂದರೊಳಗೆ ಎರಡು ಗಂಟೆ ಇದ್ದ. ನಿಮಿಷಾಂಬ ದೇವಸ್ಥಾನಕ್ಕೆ ಹೂ ಒಯ್ಯುತ್ತಿದ್ದ ಹೆಂಗಸೊಬ್ಬಳು ಇಣುಕಿ, ಮನೆ ಕೆಡವಲು ಬಂದವನೇ ಎಂದು ಕೇಳಿ, ಅಲ್ಲ ಎಂದಾಗ ಬೇಸರಪಟ್ಟು ಹೋದಳು. ಪಾಂಡವಪುರದ ಹಾಳು ಅಕ್ಕಿ ಗಿರಣಿಯಲ್ಲಿ ಕುರಿ ಕಾಯುವ ಮುದುಕ ತನ್ನ ಟಗರಿನ ಫೋಟೋ ತೆಗೆಸಿಕೊಂಡ. ನಾಗಮಂಗಲದಲ್ಲಿ ಕಳ್ಳಿ ಬೆಳೆದ ಕೆರೆ ಮಂಟಪದ ಕಂಬವನ್ನು ಸುತ್ತಿಗೆಯಿಂದ ಕಾಲು ಗಂಟೆ ಟಕಟಕ ಕುಟ್ಟಿದ. ಯಾರೂ ತಿರುಗಿ ನೋಡಲಿಲ್ಲ. ಕೊರಳಲ್ಲಿ ಕ್ಯಾಮೆರಾ ಇದ್ದವನ ಕೈ ಏನು ಮಾಡುತ್ತಿದೆ ಎಂದು ಯಾರೂ ನೋಡುವುದಿಲ್ಲ. ಈ ಸತ್ಯ ಕಂಡುಹಿಡಿದದ್ದಕ್ಕೆ ಅವನು ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಬಂದ. ಅಷ್ಟು ಬುದ್ಧಿ ಪರೀಕ್ಷೆಯ ದಿನ ಎಲ್ಲಿ ಹೋಗುತ್ತದೋ ಅವನಿಗೂ ತಿಳಿಯದು.

ಛತ್ರದ ಫೋಟೋಕ್ಕೆ ಸಿದ್ದರಾಜುವಿನ ಅಪ್ಪಣೆಯನ್ನೇ ಪಡೆದ. ಪತ್ರ ಓದಿ, ಸೀಲು ಸವರಿ ನೋಡಿ, ಸಿದ್ದರಾಜು ಧಾರಾಳವಾಗಿ ಹೇಳಿದ: "ಎಷ್ಟ್ ಬೇಕಾದ್ರೂ ತಗೊಳ್ಲಾ. ಫೋಟೋ ತಗುದ್ರೆ ಬಾಗ್ಲು ಸವೀತದಾ?"

ಮೌನೇಶ ಹಲಗೆಯ ಮೂವತ್ತೆಂಟು ಫೋಟೋ ತೆಗೆದ. ಅಳತೆಪಟ್ಟಿ ಪಕ್ಕದಲ್ಲಿಟ್ಟು, ಕೆಳಗಿಂದ, ಓರೆಯಿಂದ, ಉಳಿ ಎಲ್ಲಿ ಹೇಗೆ ತಿರುಗಿದೆ ಎಂಬುದು ಕಾಣುವಂತೆ. ನಾಲ್ಕು ಮರದ ಬೆಣೆಗಳು ಹಲಗೆಯನ್ನು ಬಾಗಿಲವಾಡಕ್ಕೆ ಹಿಡಿದಿದ್ದವು. ಒಂದೇ ಒಂದು ಮೊಳೆಯಿರಲಿಲ್ಲ. ಮುತ್ತಾತನ ಕೆಲಸ ನೋಡಿ ಹೆಮ್ಮೆಯಾಯಿತು. ಬಿಚ್ಚುವುದು ಸುಲಭ ಎಂದು ಇನ್ನೂ ಹೆಮ್ಮೆಯಾಯಿತು.

ಅಪ್ಪ ಆಗ ಕೆ.ಆರ್.ಪೇಟೆಯಲ್ಲಿ ಒಂದು ಮನೆಯ ಬಾಗಿಲು ಕಿಟಕಿ ಕೆಲಸ ಹಿಡಿದಿದ್ದ. ಬೆಳಿಗ್ಗೆ ಹೋದರೆ ಬರುವುದು ಸಂಜೆ. ಫೋಟೋಗಳಿಗೆ ಚೌಕಟ್ಟು ಮಾಡುತ್ತಿದ್ದೇನೆ ಎಂದು ಹೇಳಿ ಮೌನೇಶ ಕೊಟ್ಟಿಗೆ ಸೇರಿದ. ಕೆಡವಿದ ಮನೆಯೊಂದರಿಂದ ಬಂದಿದ್ದ ಹಳೆಯ ಹೊನ್ನೆ ಹಲಗೆ ಮೂಲೆಯಲ್ಲಿತ್ತು. ಐದನೇ ಕ್ಲಾಸಿನಿಂದ ಉಳಿ ಹಿಡಿದವನನ್ನು, ಓದಲಿ ಎಂದು ಅಪ್ಪನೇ ಬಿಡಿಸಿ ಕಾಲೇಜಿಗೆ ಹಾಕಿದ್ದ. ಮೂರು ವರ್ಷದಲ್ಲಿ ಕಾಲೇಜು ಕಲಿಸಿದ್ದೆಲ್ಲ ಮರೆತಿತ್ತು. ಉಳಿ ಮಾತ್ರ ಕೈಗೆ ಬಂದ ಕೂಡಲೇ ನೆನಪಾಯಿತು. ಹದಿನೇಳು ದಿನಗಳಲ್ಲಿ ಲಕ್ಷ್ಮಿ ಬಂದಳು, ಆನೆಗಳು ಬಂದವು. ಮುತ್ತಾತನ ಎಡಗಡೆ ಆನೆಗೆ ದಂತ ಮುರಿದಿತ್ತು. ತನ್ನ ಆನೆಯ ದಂತವನ್ನೂ ಮೌನೇಶ ಅಷ್ಟೇ ಉದ್ದಕ್ಕೆ ಮುರಿದ. ಮುರಿಯುವಾಗ ನಿಜಕ್ಕೂ ಸಂಕಟವಾಯಿತು. ಆಮೇಲೆ ಟೀ ಡಿಕಾಕ್ಷನ್, ಹರಳೆಣ್ಣೆ, ಒಲೆಯ ಮಸಿ, ಎರಡು ದಿನದ ಹೊಗೆ. ಕೊನೆಗೆ ಹಲಗೆಯನ್ನು ಫೋಟೋದ ಪಕ್ಕದಲ್ಲಿಟ್ಟು ನೋಡಿದಾಗ ಯಾವುದು ತನ್ನದು ಎಂದು ಒಂದು ಕ್ಷಣ ಅವನಿಗೇ ಗೊಂದಲವಾಯಿತು. ಕಳ್ಳತನಕ್ಕೆ ಇಷ್ಟು ಶ್ರಮಪಡುವ ಬದಲು ಅಪ್ಪನ ಜೊತೆ ಕೆಲಸಕ್ಕೆ ಹೋಗಿದ್ದರೆ ಒಂದು ಮನೆಯ ಬಾಗಿಲೆಲ್ಲ ಮುಗಿಯುತ್ತಿತ್ತು ಎಂಬ ಯೋಚನೆ ಬಂತು. ಅದನ್ನು ಒರೆಸಿ ಹಾಕಿದ.

ಯೋಜನೆಯಲ್ಲಿ ಒಂದೇ ಕಡೆ ಖಾಲಿ ಬಿಟ್ಟಿದ್ದ. ಅಸಲಿ ಹಲಗೆ ತಂದ ಮೇಲೆ ಅಪ್ಪನಿಗೆ ಏನು ಹೇಳುವುದು? ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡ. ಪರೀಕ್ಷೆಯಲ್ಲೂ ಕೊನೆಯ ಪ್ರಶ್ನೆಯನ್ನು ಅವನು ಹೀಗೇ ಬಿಡುತ್ತಿದ್ದ.

ಸಿದ್ದರಾಜುವಿನ ತಂಗಿಯ ಮಗಳ ಬೀಗರೂಟ ನಾಗಮಂಗಲದಲ್ಲಿ ಒಂದು ಭಾನುವಾರ ಬಿತ್ತು. ಎರಡು ಬಸ್ಸು ತುಂಬಾ ಊರಿಗೆ ಊರೇ ಹೊರಟಿತು. ಅಪ್ಪ ಎಂದಿನಂತೆ ಪೇಟೆಯ ಕೆಲಸಕ್ಕೆ ಹೋದ. ಬೆಳಿಗ್ಗೆ ಒಂಬತ್ತೂವರೆಗೆ ಮೌನೇಶ ಅಪ್ಪನ ಹಳೆಯ ಚೀಲ ಹೆಗಲಿಗೆ ಹಾಕಿದ. ಅದರಲ್ಲಿ ಉಳಿ, ಕೊಡತಿ, ದಾರದುಂಡೆ, ಅರಿಶಿನ ಕುಂಕುಮದ ಡಬ್ಬಿ, ರಸಮಟ್ಟ, ಬೀಡಿ ಕಟ್ಟು ಎಲ್ಲ ಇದ್ದ ಹಾಗೇ ಇದ್ದವು. ಸ್ಟ್ಯಾಂಡಿನ ಚೀಲದಲ್ಲಿ ನಕಲಿ ಲಕ್ಷ್ಮಿ ಮಲಗಿದ್ದಳು. ಕೊರಳಲ್ಲಿ ಕ್ಯಾಮೆರಾ, ಜೇಬಿನಲ್ಲಿ ಸೀಲು ಹಾಕಿದ ಪತ್ರ.

ಕೆಲಸ ಒಂದು ಗಂಟೆಯೂ ಹಿಡಿಯಲಿಲ್ಲ. ಬಾಗಿಲ ಪಕ್ಕದ ಜಗುಲಿಕಟ್ಟೆ ಹತ್ತಿ ನಿಂತ. ಹಳೆಯ ಬೆಣೆಗಳು ನಾಲ್ಕೇಟಿಗೆ ಬಿಟ್ಟುಕೊಂಡವು. ಮುತ್ತಾತನ ಹಲಗೆ ಎರಡು ಕೈಗೆ ಭಾರವಾಗಿ ಬಂತು. ಅದನ್ನು ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿಟ್ಟು, ತನ್ನ ಹಲಗೆಯನ್ನು ಬಾಗಿಲವಾಡದ ತೋಡಿನೊಳಗೆ ತಳ್ಳಿ ಕೂರಿಸಿ, ಬೆಣೆ ಹೊಡೆದ. ಕೂದಲೆಳೆಯಷ್ಟೂ ಸಂದಿಲ್ಲ. ಕೊನೆಯ ಬೆಣೆ ಕೂತ ಮೇಲೆ ಕೈ ತನ್ನ ಪಾಡಿಗೆ ಅಭ್ಯಾಸದ ಕೆಲಸವನ್ನೆಲ್ಲ ಮುಗಿಸಿತು. ಮೌನೇಶ ಕೈಮುಗಿದು ಕೆಳಗಿಳಿದ. ಇಳಿದ ಮೇಲೆ ನಗು ಬಂತು. ಕದ್ದವನು ಕೈಮುಗಿಯುವುದುಂಟೇ! ಮಂಗನಂಥವನು ಎಂದು ತನ್ನನ್ನೇ ಬೈದುಕೊಂಡ.

ಆದರೆ ಎಚ್ಚರ ತಪ್ಪಲಿಲ್ಲ. ಉದುರಿದ ಚಕ್ಕೆಗಳನ್ನು ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿದ. ಲಂಟಾನಾ ಕೊಂಬೆಯಿಂದ ಹೆಜ್ಜೆ ಗುರುತು ಗುಡಿಸಿದ. ಹಲಗೆಯ ಮೇಲೆ ಒಂದು ಹಿಡಿ ಧೂಳು ಊದಿದ. ಮೂಲೆಯಿಂದ ಜೇಡರ ಬಲೆ ತಂದು ಆನೆಯ ಸೊಂಡಿಲಿಗೆ ಹೊಂದಿಸಿದ. ಆಮೇಲೆ ಯೋಜನೆಯ ಕಿರೀಟದಂಥ ಕೊನೆಯ ಹೆಜ್ಜೆ: ಕ್ಯಾಮೆರಾ ಸ್ಟ್ಯಾಂಡಿಗೇರಿಸಿ ಬಾಗಿಲಿನ ಫೋಟೋ ತೆಗೆದ. ಮೇಲೆ ಅತ್ತಿಯ ಬೇರು, ಕೆಳಗೆ ತುಕ್ಕು ಹಿಡಿದ ಬೀಗ, ನಡುವೆ ಗಜಲಕ್ಷ್ಮಿ. ಮುಂದೆ ಎಂದಾದರೂ ಅನುಮಾನ ಬಂದರೆ, ನಾನು ಹೋದಾಗ ಹಲಗೆ ಇದ್ದಲ್ಲೇ ಇತ್ತು ನೋಡಿ ಎಂದು ತೋರಿಸಲು ಇದಕ್ಕಿಂತ ಸಾಕ್ಷಿ ಬೇಕೇ? ಅದಕ್ಕೊಂದು ಹೆಸರನ್ನೂ ಇಟ್ಟ: 'ಮೂವತ್ತು ವರ್ಷಗಳಿಂದ ಮನುಷ್ಯರ ಕೈ ಸೋಕದ ಬಾಗಿಲು'.

ಪ್ರಮೀಳಾ ಮೇಡಂ ಇಪ್ಪತ್ತು ಫೋಟೋಗಳಲ್ಲಿ ಅದನ್ನೇ ಹಿಡಿದು ಕೂತರು. ಬೂದುಬಣ್ಣದ ನಡುವೆ ಬಣ್ಣ ಎಷ್ಟು ಚೆನ್ನಾಗಿ ಎದ್ದಿದೆ ಎಂದು ಎರಡು ಸಲ ಹೇಳಿದರು. ಟೀ ಡಿಕಾಕ್ಷನ್ನಿನ ಮಹಿಮೆ ಎಂದು ಮೌನೇಶ ಒಳಗೇ ಬೀಗಿದ. ಪ್ರದರ್ಶನಕ್ಕೆ ಅದನ್ನು ನಾಲ್ಕಡಿ ಎತ್ತರಕ್ಕೆ ಮುದ್ರಿಸಿದರು. ಕಟ್ಟಡದ ಯಜಮಾನನೆಂದು ಸಿದ್ದರಾಜುವನ್ನು ಅತಿಥಿಯಾಗಿ ಕರೆದರು. ಹುಡುಗರ ತಂದೆತಾಯಿಗಳೂ ಬಂದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತಿದ್ದ. ಮನೆಯಲ್ಲಿ ಮೌನೇಶನ ಮಂಚದ ಕೆಳಗೆ, ಸೀರೆಯೊಳಗೆ, ಮುತ್ತಾತನ ಲಕ್ಷ್ಮಿ ಇನ್ನೂ ಅಪ್ಪನಿಗೆ ಕಾಣದೆ ಮಲಗಿದ್ದಳು.

ಕೊರಳಿಗೆ ಹಾರ ಬಿದ್ದ ಮೇಲೆ ಸಿದ್ದರಾಜುವಿನ ಮನಸ್ಸು ತೀರಾ ದೊಡ್ಡದಾಯಿತು. ಮೈಕು ಹಿಡಿದು ತಾತನನ್ನು ಹೊಗಳಿದ, ಮೌನೇಶನನ್ನು ಹೊಗಳಿದ, ಚಪ್ಪಾಳೆ ನಿಲ್ಲುವ ಹಾಗೆ ಕಾಣದಿದ್ದಾಗ ಇನ್ನೂ ಮುಂದೆ ಹೋದ. "ಆ ಹಲ್ಗೇನ ನಾಳೀಕೇನೆ ಬಿಚ್ಚುಸ್ತೀನಿ. ಕೃಷ್ಣಮೂರ್ತಿ ಆಚಾರ್ರ ಮನೇಗೇ ಸೇರ್ಲಿ. ಅವ್ರ ತಾತನ ಕೈ ಕೆಲ್ಸ ಅದು," ಎಂದ. ಹಿಂದಿನ ಸಾಲಿನಲ್ಲಿ ಅಪ್ಪ ಟವಲಿನಿಂದ ಕಣ್ಣೊರೆಸಿಕೊಂಡ.

ಮೌನೇಶ ಲೆಕ್ಕ ಹಾಕಿದ. ಪುಕ್ಕಟೆ ಸಿಗುವುದನ್ನು ಹದಿನೇಳು ದಿನ ಬೆವರು ಸುರಿಸಿ ಕದ್ದ ಮಹಾಚೋರ ಮಂಡ್ಯ ಜಿಲ್ಲೆಯಲ್ಲಿ ತಾನೊಬ್ಬನೇ ಇರಬೇಕು. ನಾಳೆ ನಕಲಿ ಲಕ್ಷ್ಮಿ ಮೆರವಣಿಗೆಯಲ್ಲಿ ಮನೆಗೆ ಬರುತ್ತಾಳೆ. ಮಂಚದ ಕೆಳಗೆ ಅಸಲಿಯವಳು ಆಗಲೇ ಕಾದಿದ್ದಾಳೆ. ಆದರೂ ಬುದ್ಧಿ ಬಿಟ್ಟುಕೊಡಲಿಲ್ಲ. ಅಪ್ಪ ಸ್ನಾನಕ್ಕೆ ಹೋದಾಗ ಎರಡನ್ನೂ ಅದಲುಬದಲು ಮಾಡಿ, ನಕಲಿಯನ್ನು ಒಲೆಗೆ ಹಾಕಿದರೆ ಮುಗಿಯಿತು. ಕದ್ದದ್ದೇ ಇಲ್ಲವೆಂದಾಯಿತು. ಅಪ್ಪನಿಗೆ ಏನು ಹೇಳುವುದು ಎಂಬ ಪ್ರಶ್ನೆಗೂ ಉತ್ತರ ಸಿದ್ದರಾಜುವೇ ಬರೆದುಕೊಟ್ಟಿದ್ದ. ಮೌನೇಶ ಉಸಿರು ಬಿಟ್ಟು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಆಗ ಸಿದ್ದರಾಜುವಿನ ತಾಯಿ ಚಿಕ್ಕಬೋರಮ್ಮ ಎದ್ದು ಫೋಟೋದ ಹತ್ತಿರ ಹೋಯಿತು. ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿದಾಗಿನಿಂದ ಕಂಡದ್ದನ್ನೆಲ್ಲ ಮೂಗು ತಾಗಿಸಿ ನೋಡುವ ಚಟ ಮುದುಕಿಗೆ. ಲಕ್ಷ್ಮಿಯನ್ನು ನೋಡಿತು, ಆನೆ ನೋಡಿತು, ಹಲಗೆಯ ಅಂಚಿನಲ್ಲಿ ಬೆರಳು ಓಡಿಸಿ ನಿಂತುಬಿಟ್ಟಿತು. "ಇದ್ಯಾವ ಆಚಾರಿಲಾ ಸಿದ್ರಾಜ ಬಾಗ್ಲು ನಿಲ್ಸಿರದು? ಹೊಸ್ಲಿಗೆ ಅರಿಸ್ನ ಕುಂಕ್ಮ ಇಟ್ಟಿದ್ರೆ ಯಾರೋ ಹೆಣ್ಮಕ್ಳು ಅನ್ಕೋಬೈದು. ಬೆಣೆ ಮ್ಯಾಲೆ ಬೊಟ್ಟಿಡದು ಬೆಣೆ ಹೊಡ್ದೋನೇ ಅಲ್ವಾ? ಇನ್ನೂ ಅಸಿ ಅಸಿಯಾಗದೆ," ಎಂದಿತು. ಹುಟ್ಟಿದಾಗಿನಿಂದ ಅಪ್ಪ ಕೂರಿಸಿದ ಪ್ರತಿ ಬಾಗಿಲಿನಲ್ಲೂ ಆ ಬೊಟ್ಟುಗಳನ್ನು ಕಂಡಿದ್ದ ಮೌನೇಶನಿಗೆ, ಅವು ಬಾಗಿಲಿನದೇ ಒಂದು ಭಾಗವಾಗಿದ್ದವು. ಇಟ್ಟದ್ದೂ ನೆನಪಿರಲಿಲ್ಲ, ನಾಲ್ಕಡಿ ಎತ್ತರಕ್ಕೆ ಹಿಗ್ಗಿಸಿದಾಗಲೂ ಕಂಡಿರಲಿಲ್ಲ. ಸಿದ್ದರಾಜು ಫೋಟೋದತ್ತ ಬಗ್ಗಿದ. ಅಪ್ಪ ಫೋಟೋವನ್ನು ಒಮ್ಮೆಯಷ್ಟೇ ನೋಡಿದ. ಆಮೇಲೆ ಮಗನ ಬಲಗೈಯ ಉಂಗುರದ ಬೆರಳನ್ನು ನೋಡುತ್ತಾ ನಿಂತ. ಬೆಣೆ ನಾಲ್ಕು, ಬೊಟ್ಟು ನಾಲ್ಕು. ಮೌನೇಶ ಒಂದನ್ನೂ ಬಿಟ್ಟಿರಲಿಲ್ಲ.