ಮಾದೇವಿ ಹೇಳದ ಸಾಕ್ಷಿ

"ಸ್ವಲ್ಪ ನಡೆದು ತೋರಿಸ್ತೀರಾ?"

ಜಗಲಿಯ ಮೇಲೆ ಕುಳಿತಿದ್ದ ಅಪರಿಚಿತ ಹೀಗೆ ಕೇಳಿದಾಗ ಮಾದೇವಿಗೆ ಮೈಯೆಲ್ಲ ಉರಿಯಿತು.

ಹೆಣ್ಣು ನೋಡಲು ಬಂದವರು ನಡೆಸುವುದು, ಹಾಡಿಸುವುದು ಅವಳಿಗೆ ಹೊಸದೇನಲ್ಲ. ಆದರೆ ಅವಳ ಕಾಲು ಮುರಿದದ್ದು ಕಾಯ್ಕಿಣಿ ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಈ ಮನುಷ್ಯ... ಆಗಲಿ, ಕಣ್ತುಂಬ ನೋಡಿಯೇ ಬಿಡಲಿ!

ಮಡಚಲಾಗದ ಬಲಗಾಲನ್ನು ಎಳೆಯುತ್ತ ಅಂಗಳದ ಆ ತುದಿಯವರೆಗೂ ಹೋಗಿ ಬಂದಳು. ಬೇಕೆಂದೇ ನಿಧಾನವಾಗಿ.

"ನೋಡಿ ಆತಾ? ಇನ್ನು ಹಾಡು ಬೇರೆ ಹೇಳ್ಬೇಕಾ?"

ಅವನು ತಬ್ಬಿಬ್ಬಾದ. "ನಾನು ಕುಮಟಾದ ಹರಿಹರ ವಕೀಲರ ಜೂನಿಯರ್. ನಾಗಪತಿ ಅಂತ. ನಿಮ್ಮ ಪರಿಹಾರದ ಕೇಸು ನಾನೇ ನೋಡ್ಕಳ್ಳೂದು. ಪೆಟ್ಟು ಎಷ್ಟಿದೆ ಅಂತ ತಿಳ್ಕಳ್ಬೇಕಿತ್ತು..."

ಅವಲಕ್ಕಿ, ಕಾಫಿ ತರುತ್ತಿದ್ದ ತಾಯಿ ಗಂಗಿ ಬಾಗಿಲಲ್ಲೇ ನಿಂತುಬಿಟ್ಟಳು. ಇಸ್ತ್ರಿ ಅಂಗಿಯ ಹುಡುಗನನ್ನು ಕಂಡು ವರನೆಂದೇ ತಿಳಿದು, ಅವಸರದಲ್ಲಿ ಮಗಳಿಗೆ ಹೊಸ ಸೀರೆ ಉಡಿಸಿದವಳೂ ಅವಳೇ. ತಂದ ಅವಲಕ್ಕಿಯನ್ನು ಈಗ ಒಳಗೆ ಒಯ್ಯುವುದಾದರೂ ಹೇಗೆ? ನಾಗಪತಿ ತಲೆ ತಗ್ಗಿಸಿ ಅಷ್ಟನ್ನೂ ತಿಂದ. ನಗು ತಡೆಯಲಾರದೆ ಮಾದೇವಿ ಒಳಗೆ ಓಡಿದಳು, ಆ ಕಾಲಿನಲ್ಲಿ ಎಷ್ಟು ಓಡಬಹುದೋ ಅಷ್ಟು.

ಇದು ೧೯೬೪ರ ಮಾತು. ಮಾದೇವಿ ಭಟ್ಕಳದಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಒಂದು ಸಂಜೆ ಅವಳು ಮನೆಗೆ ಬರುತ್ತಿದ್ದ ಬಾಡಿಗೆ ಕಾರಿಗೆ, ತಪ್ಪು ಬದಿಯಲ್ಲಿ ನುಗ್ಗಿದ ಸಾಹುಕಾರನೊಬ್ಬನ ಕಾರು ಎದುರಿನಿಂದ ಡಿಕ್ಕಿ ಹೊಡೆಯಿತು. ಅಂದಿನಿಂದ ಮಂಡಿ ಮಡಚುವುದಿಲ್ಲ. ಮಂಡಿ ಮಡಚದೆ ಹೊಲಿಗೆ ಮಿಷನ್ನು ತುಳಿಯುವುದಾದರೂ ಹೇಗೆ? ಸಾಹುಕಾರನ ವಿಮಾ ಕಂಪನಿ ಪುಡಿಗಾಸು ಕೊಟ್ಟು ಕೈ ತೊಳೆದುಕೊಳ್ಳಲು ನೋಡಿತು. ಇವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಆ ಮೇಲೆ ನಾಗಪತಿ ಬರುತ್ತಲೇ ಇದ್ದ. ಬಾಡಿಗೆ ಕಾರಿನ ಡ್ರೈವರ್ ಜಟ್ಟನ ಹೇಳಿಕೆಗೆಂದು ಒಮ್ಮೆ, ಡಾಕ್ಟರ ಸರ್ಟಿಫಿಕೇಟಿಗೆಂದು ಒಮ್ಮೆ, ಕೊನೆಕೊನೆಗೆ ಯಾವ ನೆಪವೂ ಇಲ್ಲದೆ.

ಒಂದು ದಿನ ಅರ್ಧ ಹೊಲಿದ ರವಿಕೆ ಹಿಡಿದು ಮಾದೇವಿ ಮಿಷನ್ನಿನ ಮುಂದೆ ಸುಮ್ಮನೆ ಕುಳಿತಿದ್ದಳು.

"ನಾನು ತುಳೀಲಾ?" ಎಂದು ಅವನು ಪಕ್ಕದಲ್ಲಿ ಸ್ಟೂಲು ಎಳೆದು ಕುಳಿತ. ಮೊದಲ ತುಳಿತಕ್ಕೇ ದಾರ ಕಿತ್ತುಬಂತು.

"ಹಿಂದೆ ಅಲ್ಲ ವಕೀಲರೇ, ಮುಂದೆ ಹೋಗ್ಬೇಕು. ನಿಮ್ಮ ಕೋರ್ಟಿನ ಕೇಸಿನ ಹಾಗಲ್ಲ ಇದು."

ಅವನ ಕಾಲು, ಅವಳ ಕೈ. ರವಿಕೆ ಮುಗಿಯಿತು. ಅವಳು ಮಾತ್ರ ಏಳದೆ ಕುಳಿತೇ ಇದ್ದಳು. 'ಇವತ್ತು ಮನಸ್ಸಿನ ಮಾತು ಹೇಳಿಯೇ ಹೇಳುತ್ತಾನೆ' ಅಂದುಕೊಂಡಳು. ಅವನು "ಬತ್ತೆ" ಎಂದಷ್ಟೇ ಹೇಳಿ ಹೋದ. ಪ್ರತಿ ಸಲವೂ ಅಷ್ಟೇ.

ಕಾರವಾರದಲ್ಲಿ ಸಾಕ್ಷಿ ಹೇಳುವ ದಿನ ಬಂತು. ಕೋರ್ಟಿನ ಜಗಲಿಯಲ್ಲಿ ಹರಿಹರ ವಕೀಲರು ಅವಳನ್ನು ಹತ್ತಿರ ಕರೆದರು.

"ಕಾಲು ಹೀಗಾದ ಮೇಲೆ ಯಾರೂ ನನ್ನ ಮದುವೆ ಆಗೂದಿಲ್ಲ ಅಂತ ಹೇಳು. ಅತ್ರೂ ಅಡ್ಡಿಲ್ಲ. ಪರಿಹಾರ ಜಾಸ್ತಿ ಸಿಕ್ತದೆ."

ಮಾದೇವಿ ನಾಗಪತಿಯ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

'ಹಾಗಾದರೆ ಇವನ ಮನಸ್ಸಿನಲ್ಲೂ ಇದೇ ಇದೆಯೆ? ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲವೆ?' ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಕಟಕಟೆ ಹತ್ತಿದ ಅವಳನ್ನು ಹರಿಹರ ವಕೀಲರು ಕೇಳಿದರು. "ಈ ಕಾಲಿನಿಂದಾಗಿ ನಿಮಗೆ ಇನ್ನು ಮದುವೆ ಆಗುವುದಿಲ್ಲ, ಅಲ್ಲವೆ?"

"ಹಾಗಂತ ನಾನು ಹೇಳೂದಿಲ್ಲ."

ಕಂಪನಿಯ ವಕೀಲ ನಗುತ್ತ ಎದ್ದ. "ಅಂದರೆ ನಿಮಗೆ ನಷ್ಟವೇ ಆಗಿಲ್ಲ ಅಂದ ಹಾಗಾಯಿತು."

"ಆಗಿದೆ ಸ್ವಾಮಿ. ಭಟ್ಕಳದ ಹುಡುಗಿಯರಿಗೆಲ್ಲ ಹೊಲಿಗೆ ಕಲಿಸ್ತಿದ್ದೆ. ಈಗ ಒಂದು ರವಿಕೆ ಹೊಲಿಯೂಕೆ ಬೇರೆಯವರ ಕಾಲು ಬೇಕು. ನಾನು ಕಳ್ಕಂಡದ್ದು ನನ್ನ ದುಡಿಮೆ, ಗಂಡನ್ನಲ್ಲ. ದುಡಿಮೆಗೆ ಪರಿಹಾರ ಕೊಡಿ. ನನ್ನ ಮದುವೆಗೆ ನೀವ್ಯಾರೂ ಬೆಲೆ ಕಟ್ಟೂದು ಬೇಡ."

ನ್ಯಾಯಾಧೀಶರು ಅಷ್ಟನ್ನೂ ಬರೆದುಕೊಂಡರು. ಹರಿಹರ ವಕೀಲರು ಹಣೆ ಒರೆಸಿಕೊಂಡರು.

ಮರಳುವ ಬಸ್ಸಿನಲ್ಲಿ ತಾಯಿ-ಮಗಳ ಜೊತೆ ನಾಗಪತಿಯೂ ಇದ್ದ. ಕುಮಟಾ ಬಂದರೂ ಅವನು ಇಳಿಯಲಿಲ್ಲ. ಹೊನ್ನಾವರದಲ್ಲಿ ಎಲ್ಲರೂ ಇಳಿದು ಶರಾವತಿ ನದಿ ದಾಟಲು ತಾರಿ ದೋಣಿಯ ಕಡೆ ನಡೆದರು. ಗಂಗಿ ಮುಂದೆ ಹೋಗಿ ದೋಣಿ ಹತ್ತಿ ಕುಳಿತು, ಬೇಕೆಂದೇ ಆಚೆ ಮುಖ ಮಾಡಿದಳು.

"ಕುಮಟಾ ಹಿಂದೆ ಹೋತು ವಕೀಲರೇ."

"ಗೊತ್ತು."

"ಕೋರ್ಟಲ್ಲಿ ಎಂತಕ್ಕೆ ಸುಮ್ನೆ ನಿಂತ್ರಿ?"

ನಾಗಪತಿ ಈ ಸಲ ನೆಲ ನೋಡಲಿಲ್ಲ. "ಹುಡುಗಿಗೆ ಗಂಡು ಸಿಕ್ಕಿದ್ದಾನೆ ಅಂತ ಕಂಪನಿಗೆ ಗೊತ್ತಾದ್ರೆ ಪರಿಹಾರ ಕಡಿಮೆ ಆಗ್ತದೆ ಅಂತ ಹರಿಹರ ವಕೀಲರು ಹೇಳಿದ್ರು. ನನ್ನ ಆಸೆಯಿಂದ ನಿಮಗೆ ನಷ್ಟ ಆಗೂದು ಬೇಡ ಅಂತ... ತೀರ್ಪು ಬರೂ ತನಕ ಬಾಯಿ ಕಟ್ಕಂಡಿರ್ಬೇಕು ಅಂತಿದ್ದೆ."

ಮಾದೇವಿಗೆ ಜೀವ ಬಂದಂತಾಯಿತು. ಆದರೂ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುತ್ತದೆಯೆ?

"ಅಂದ್ರೆ ನನ್ನ ಬಾಳಿನ ತೀರ್ಮಾನ ನೀವಿಬ್ಬರು ವಕೀಲರೇ ಮಾಡಿ ಮುಗಿಸಿದ್ರಿ. ನನ್ನ ಹತ್ರ ಒಂದು ಮಾತು ಕೇಳೂಕೆ ಎಂತ ಅಡ್ಡಿ ಇತ್ತು?"

"ತಪ್ಪಾತು. ಈಗ ಕೇಳ್ತೆ. ನನ್ನ ಮದುವೆ ಆಗ್ತೀರಾ?"

"ಕನಿಕರಕ್ಕಾದ್ರೆ ಬೇಡ."

"ನಿಮ್ಮ ಮೇಲೆ ಕನಿಕರವಾ? ಇವತ್ತು ಬಂದದ್ದು ಆ ಕಂಪನಿ ವಕೀಲನ ಮೇಲೆ."

ಅವಳಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. "ಪರಿಹಾರ ಎಷ್ಟೇ ಬರ್ಲಿ, ಅದು ನನ್ನದು. ಅದ್ರಲ್ಲಿ ನನ್ನ ಕ್ಲಾಸು ಮತ್ತೆ ಶುರು ಮಾಡ್ತೆ. ಮದುವೆ ಆದ್ಮೇಲೂ ಬಿಡೂದಿಲ್ಲ."

"ಬಿಡಿ ಅಂತ ಯಾರು ಹೇಳಿದ್ದು?"

ತಾರಿಯವನು ಕೂಗಿದ. ನಾಗಪತಿ ಮೊದಲು ದೋಣಿಗೆ ಹತ್ತಿ, ಕೈ ಕಟ್ಟಿಕೊಂಡು ನಿಂತ. ದಂಡೆಯಲ್ಲಿ ನಿಂತ ಮಾದೇವಿ ಅಲುಗಾಡುವ ಹಲಗೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಕೈ ಕೊಡೂದಿಲ್ವಾ?"

"ನಿಮ್ಮನ್ನು ಕೇಳ್ದೆ ಇನ್ನು ಎಂತದ್ದೂ ಮಾಡೂದಿಲ್ಲ."

"ಈಗ ನಾನೇ ಕೇಳ್ತೆ," ಎಂದಳು ಮಾದೇವಿ. "ಕೊಡಿ."