ಕೇಳುವ ಪರೀಕ್ಷೆ

ಪ್ರೌಢಶಾಲೆಯ ಹೆಡ್‌ಮಾಸ್ಟರು ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಮಧ್ಯಾಹ್ನವಾಗುತ್ತಾ ಬಂದಿತ್ತು. ಅವರ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟವರು ಹಾಗೇ ಮರೆತು ಬಂದಿದ್ದರು. ಇನ್ಸ್‌ಪೆಕ್ಟರು ಕುರ್ಚಿ ತೋರಿಸಿ ನೀರು ತರಿಸಿದರು. ನೀರು ಕುಡಿದ ಮೇಲೆ ಅವರ ಮಾತು ಒಂದು ದಾರಿಗೆ ಬಂತು.

ಅಂದು ಹತ್ತನೇ ತರಗತಿಗೆ ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಎರಡು ಭಾಗ. ಮೊದಲನೆಯದು ಕೇಳುವ ಪರೀಕ್ಷೆ, ಎರಡನೆಯದು ಓದುವ ಪರೀಕ್ಷೆ. ಕಳೆದ ವರ್ಷದವರೆಗೆ ಕೇಳುವ ಭಾಗವನ್ನು ಇಂಗ್ಲಿಷ್ ಟೀಚರೇ ಓದಿ ಹೇಳುತ್ತಿದ್ದರು, ಮಕ್ಕಳು ಕೇಳಿಸಿಕೊಂಡು ಉತ್ತರ ಬರೆಯುತ್ತಿದ್ದರು. ಈ ವರ್ಷ ಪರೀಕ್ಷಾ ಮಂಡಳಿ ಧ್ವನಿಮುದ್ರಣ ಕಳಿಸಿತ್ತು. ಸಭಾಂಗಣದಲ್ಲಿ ಮಕ್ಕಳೆಲ್ಲ ಕೂತ ಮೇಲೆ, ಶಾಲೆಯ ಹಳೆಯ ಅಟೆಂಡರ್ ಆಂಪ್ಲಿಫೈಯರಿನ ಗುಂಡಿಗೆ ಕೈ ಹಾಕಿದ. ಹಾಕಿದ ಕೈ ಹಿಂದಕ್ಕೆ ಬರಲಿಲ್ಲ. ಯಾರೋ ಓಡಿಹೋಗಿ ಮೇನ್ ಸ್ವಿಚ್ ಆರಿಸಿದಾಗ ಆತ ಕಟ್ಟಿಗೆಯ ಹಾಗೆ ಉರುಳಿಬಿದ್ದ. ಬಲಗೈ ಕಪ್ಪಾಗಿತ್ತು, ಪ್ರಜ್ಞೆ ಇರಲಿಲ್ಲ.

"ನಿನ್ನೆ ಸಂಜೆ ನಾನೇ ಹಾಕಿ ನೋಡಿದ್ದೆ ಸಾರ್, ಸರಿಯಾಗಿತ್ತು. ಇವತ್ತು ಮೆಷಿನ್ ಒಳಗಿಂದ ನೀರು ತೊಟ್ಟಿಕ್ತಾ ಇತ್ತು. ಯಾರೋ ಬೇಕಂತಲೇ ಮಾಡಿದ್ದಾರೆ."

"ಆಮೇಲೆ ಪರೀಕ್ಷೆ?"

ಹೆಡ್‌ಮಾಸ್ಟರು ಲೋಟದ ತಳ ನೋಡಿದರು. "ನಡೀತು ಸಾರ್. ಮೆಷಿನ್ ಕೈಕೊಟ್ಟರೆ ಇಂಗ್ಲಿಷ್ ಟೀಚರ್ ಓದಿ ಹೇಳಬೇಕು ಅಂತ ನಿಯಮ ಇದೆ. ಪರೀಕ್ಷೆ ನಿಲ್ಲಿಸೋಕೆ ನಂಗೆ ಅಧಿಕಾರ ಇಲ್ಲ."

"ಕೈ ಕೊಟ್ಟಿದ್ದು ಮೆಷಿನ್ ಅಲ್ಲ ಸಾರ್, ನಿಮ್ಮ ಅಟೆಂಡರ್," ಎಂದರು ಇನ್ಸ್‌ಪೆಕ್ಟರು. ಆಮೇಲೆ ಎಫ್‌ಐಆರ್ ದಾಖಲಿಸಲು ರೈಟರಿಗೆ ಹೇಳಿ ಟೋಪಿ ಎತ್ತಿಕೊಂಡರು.

ಇನ್ಸ್‌ಪೆಕ್ಟರಿಗೆ ನಿವೃತ್ತಿ ಹತ್ತಿರವಾಗಿತ್ತು. ಮೇಲ್ದುಟಿಯನ್ನಷ್ಟೇ ಅಲ್ಲ, ಕೆಳದುಟಿಯ ಅರ್ಧವನ್ನೂ ನುಂಗಿದ್ದ ಮೀಸೆಯಿಂದಾಗಿ ಊರೆಲ್ಲ ಅವರನ್ನು ಮೀಸೆ ಸಾಹೇಬರು ಎನ್ನುತ್ತಿತ್ತು. ಅವರು ಪಂಚರನ್ನು ಕರೆದುಕೊಂಡು ಶಾಲೆ ಮುಟ್ಟುವ ಹೊತ್ತಿಗೆ ಪರೀಕ್ಷೆ ಮುಗಿದು, ಬೆಂಚುಗಳನ್ನು ಗೋಡೆಗೆ ಸರಿಸಿ, ಅಟೆಂಡರ್ ಬಿದ್ದ ಜಾಗವನ್ನು ಒರೆಸಿ ಸ್ವಚ್ಛ ಮಾಡಿದ್ದರು. ಒರೆಸಲು ಹೇಳಿದ್ದು ಯಾರು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದರು. ಉಳಿದದ್ದರ ಪಂಚನಾಮೆ ಬರೆಸಿ, ಆಂಪ್ಲಿಫೈಯರನ್ನು ಜಪ್ತಿ ಮಾಡಿ, ಅರಗಿನ ಮುದ್ರೆ ಒತ್ತಿಸಿ ಪ್ರಯೋಗಾಲಯಕ್ಕೆ ಕಳಿಸಿದರು.

ಯಂತ್ರ ರಾತ್ರಿಯಿಡೀ ಇದ್ದದ್ದು ಉಪಾಧ್ಯಾಯರ ಕೋಣೆಯಲ್ಲಿ, ಬೀಗದೊಳಗೆ. ಬೆಳಿಗ್ಗೆ ಕೋಣೆ ತೆರೆದ ಮೇಲೆ, ಯಂತ್ರವನ್ನು ಸಭಾಂಗಣಕ್ಕೆ ಒಯ್ಯುವ ಮೊದಲು, ಟೀಚರುಗಳೆಲ್ಲ ಹಾಜರಿ ಹಾಕಲು ಬಂದು ಹೋಗಿದ್ದರು. ಇಂಗ್ಲಿಷ್ ಟೀಚರನ್ನೂ ಅಲ್ಲೇ ವಿಚಾರಿಸಿದ್ದಾಯಿತು. ಇಸ್ತ್ರಿ ಮಾಡಿದ ಹತ್ತಿ ಸೀರೆ, ನೆಟ್ಟಗೆ ಕೂತ ಬೆನ್ನು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿಕೊಂಡು ಬಂದವರು. ಆ ಮಗಳು ಇದೇ ಹತ್ತನೇ ತರಗತಿಯಲ್ಲಿ ಮೊದಲನೆಯವಳು. ಕೇಳಿದ ಪ್ರಶ್ನೆಗೆಲ್ಲ ಅವರು ಒಂದಂಕದ ಪ್ರಶ್ನೆಗೆ ಬರೆಯುವಷ್ಟೇ ಉತ್ತರ ಕೊಟ್ಟರು. ಬೆಳಿಗ್ಗೆ ಕೋಣೆಗೆ ಬಂದಿದ್ದೆ. ಹಾಜರಿ ಹಾಕಿದೆ. ಏನೂ ನೋಡಲಿಲ್ಲ.

ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿ ಸುಳಿದಾಡುತ್ತಿದ್ದ ಎಂದು ಗಣಿತದ ಮೇಷ್ಟ್ರು ಹೇಳಿದರು. ಇಂಗ್ಲಿಷಿನಲ್ಲಿ ಎರಡು ಸಲ ಮುಗ್ಗರಿಸಿ, ಅದೇ ತರಗತಿಯಲ್ಲಿ ಮೀಸೆ ಚಿಗುರಿಸಿಕೊಂಡು ಕೂತಿದ್ದವನು. ಟೀಚರ್ ಏನು ಕೇಳಿದರೂ ಎದ್ದು ನಿಂತು "ಪಾರ್ಡನ್ ಮಿಸ್" ಎನ್ನುವುದೊಂದೇ ಅವನಿಗೆ ಬರುತ್ತಿದ್ದ ಇಂಗ್ಲಿಷಾದ್ದರಿಂದ ಶಾಲೆಯೆಲ್ಲ ಅವನನ್ನು ಪಾರ್ಡನ್ ಎಂದೇ ಕರೆಯುತ್ತಿತ್ತು. ಪೇದೆಯೊಬ್ಬ ಅವನನ್ನು ಎಲ್ಲರ ಕಣ್ಣೆದುರೇ ಜೀಪಿಗೆ ಹತ್ತಿಸಿದ. ಇಂಗ್ಲಿಷ್ ಟೀಚರ್ ಕಿಟಕಿಯಲ್ಲಿ ನಿಂತು ನೋಡಿದರು.

ಇನ್ಸ್‌ಪೆಕ್ಟರು ಆಸ್ಪತ್ರೆಗೆ ಹೋಗಿ ಠಾಣೆಗೆ ಮರಳುವಷ್ಟರಲ್ಲಿ ಪಾರ್ಡನ್ನನ ಒಂದು ಕೆನ್ನೆ ಕೆಂಪಾಗಿತ್ತು. ಅವರು ಪೇದೆಯನ್ನು ಹೊರಗೆ ಕಳಿಸಿ, ಹುಡುಗನ ಅಪ್ಪನನ್ನು ಕರೆಸಿ ಪಕ್ಕದಲ್ಲಿ ಕೂರಿಸಿ, ಆಮೇಲೆ ಮಾತು ತೆಗೆದರು.

"ಮೆಷಿನ್ ಕೆಟ್ಟರೆ ನಿನಗೆ ಲಾಭ ತಾನೇ?"

"ನಂಗೇನ್ ಲಾಭ ಸಾರ್? ಮೆಷಿನ್ ಓದಿದ್ರೂ ಅರ್ಥ ಆಗಲ್ಲ, ಮಿಸ್ ಓದಿದ್ರೂ ಅರ್ಥ ಆಗಲ್ಲ."

ಅಪ್ಪ ತಲೆ ತಗ್ಗಿಸಿದ. ಇನ್ಸ್‌ಪೆಕ್ಟರು ಮೀಸೆಯೊಳಗೇ ನಕ್ಕು, ಬಾಗಿಲಲ್ಲಿ ಯಾಕೆ ನಿಂತಿದ್ದೆ ಎಂದು ಕೇಳಿದರು. ಈ ಸಲವಾದರೂ ಪಾಸು ಮಾಡಿಸಿ ಎಂದು ಮಿಸ್ ಕಾಲಿಗೆ ಬೀಳೋಣ ಅಂತ ಹೋಗಿದ್ದೆ, ಮಿಸ್ ಒಬ್ಬರೇ ಇದ್ದರು, ಹೊರಗೆ ಹೋಗು ಎಂದು ಗದರಿದರು ಎಂದ.

"ನಿನಗೆ ಲಾಭ ಇಲ್ಲ. ಮತ್ತೆ ಯಾರಿಗೆ ಲಾಭ?"

ಹುಡುಗ ಕೆನ್ನೆ ಸವರಿಕೊಂಡು ಯೋಚಿಸಿದ. "ಗೊತ್ತಿಲ್ಲ ಸಾರ್. ಆದ್ರೆ ಮಿಸ್ ನಮಗೆ ಓದಿ ಹೇಳ್ಲಿಲ್ಲ. ಮಗಳಿಗೆ ಓದಿ ಹೇಳಿದ್ರು."

ಅವನು ಬಿಡಿಸಿ ಹೇಳಿದ. ಮಿಸ್ ವೇದಿಕೆಯಿಂದ ಇಳಿದು ಬಂದು ಎರಡನೇ ಬೆಂಚಿನ ಎದುರು, ಮಗಳ ಮುಖಕ್ಕೆ ಮುಖ ಕೊಟ್ಟು ನಿಂತು ಓದಿದರು. ಹಿಂದಿನ ಸಾಲಿನವರು ಕೇಳಿಸುತ್ತಿಲ್ಲ ಎಂದು ಕೂಗಿದರೂ ಅತ್ತ ತಿರುಗಲಿಲ್ಲ. ಎರಡು ಸಲ ಓದುವುದು ನಿಯಮ, ಅವರು ಮೂರನೇ ಸಲವೂ ಓದಿದರು. ಮಗಳು ಮಾತ್ರ ತಲೆ ಎತ್ತಲೇ ಇಲ್ಲ. ಮಿಸ್ ಬೆಂಚು ಕುಟ್ಟಿದರು. ಆದರೂ ಎತ್ತಲಿಲ್ಲ. ಕೊನೆಗೆ ಮಿಸ್ಸಿನ ಗಂಟಲೇ ಕಟ್ಟಿಹೋಯಿತು.

ಹುಡುಗನನ್ನು ಮನೆಗೆ ಕಳಿಸಿ ಇನ್ಸ್‌ಪೆಕ್ಟರು ಲೆಕ್ಕ ಹಾಕಿದರು. ಹೆತ್ತವರಿಗೆ ಹೆಗ್ಗಣ ಮುದ್ದು ನಿಜ. ಆದರೆ ಈ ಹೆಗ್ಗಣ ತರಗತಿಗೇ ಮೊದಲು. ಅವಳಿಗೆ ತಾಯಿಯ ಸಹಾಯ ಯಾಕೆ ಬೇಕು? ಓದಿದ್ದು ಬೇರೇನೂ ಅಲ್ಲ, ಯಂತ್ರ ಹೇಳಬೇಕಾಗಿದ್ದ ಅದೇ ಪಾಠ.

ಮರುದಿನ ಹೆಡ್‌ಮಾಸ್ಟರ ಕೋಣೆಯಲ್ಲಿ ಆ ಹುಡುಗಿಯನ್ನು ವಿಚಾರಿಸಿದರು. ಜೊತೆಗೆ ಮಹಿಳಾ ಪೇದೆ ಇದ್ದಳು. ಹುಡುಗಿ ಕಣ್ಣು ಮಿಟುಕಿಸದೆ ಇನ್ಸ್‌ಪೆಕ್ಟರ ಮುಖವನ್ನೇ ನೋಡುತ್ತಿದ್ದಳು.

"ಪರೀಕ್ಷೆ ದಿನ ಅಮ್ಮನ ಜೊತೆಗೇ ಬಂದೆಯೇನಮ್ಮ?"

"ಚೆನ್ನಾಗಿ ಓದಿದ್ದೆ ಸಾರ್."

"ಓದಿದ್ದಲ್ಲ. ಶಾಲೆಗೆ ಯಾರ ಜೊತೆ ಬಂದೆ?"

"ಹೌದು ಸಾರ್."

ಪೊಲೀಸರೆಂದರೆ ಹೆದರಿಕೆ ಇರಬೇಕು ಎಂದುಕೊಂಡು ಅವರು ಪೇದೆಗೆ ಸನ್ನೆ ಮಾಡಿದರು. ಆಕೆ ಅದೇ ಪ್ರಶ್ನೆ ಕೇಳಿದಳು. ಹುಡುಗಿ ತಟ್ಟನೆ, ಅಮ್ಮ ಮೊದಲೇ ಬಂದಿದ್ದರು, ನಾನು ಆಮೇಲೆ ಬಂದೆ ಎಂದಳು. ಪೇದೆ ಅದನ್ನು ಬರೆದುಕೊಳ್ಳುತ್ತ, ತಲೆ ಬಗ್ಗಿಸಿಯೇ ಇನ್ನೊಂದು ಪ್ರಶ್ನೆ ಹಾಕಿದಳು. ಉತ್ತರ ಬರಲಿಲ್ಲ. ತಲೆ ಎತ್ತಿ ಕೇಳಿದಳು. ಬಂತು.

ಹೊರಗೆ ಬಂದ ಮೇಲೆ ಪೇದೆ ಹಿಂಜರಿಯುತ್ತ ಹೇಳಿದಳು, "ತಪ್ಪು ತಿಳ್ಕೋಬೇಡಿ ಸಾರ್. ನಿಮ್ಮ ಮೀಸೆ ತುಟಿ ಮುಚ್ಚುತ್ತೆ. ಅವಳು ತುಟಿ ನೋಡಿ ಮಾತು ಹಿಡೀತಾಳೆ. ನಮ್ಮತ್ತೆಗೂ ಕಿವಿ ಮಂದ, ಅವರೂ ಹೀಗೇ."

ಇನ್ಸ್‌ಪೆಕ್ಟರು ಮತ್ತೆ ಒಳಗೆ ಹೋಗಿ ಹುಡುಗಿಯ ಬೆನ್ನ ಹಿಂದೆ ನಿಂತು, ಶಾಲೆ ನಡುಗುವ ದನಿಯಲ್ಲಿ ಒಮ್ಮೆ ಕರೆದರು. ಪಡಸಾಲೆಯಲ್ಲಿದ್ದ ಹೆಡ್‌ಮಾಸ್ಟರು ಬೆಚ್ಚಿಬಿದ್ದು ಓಡಿಬಂದರು. ಹುಡುಗಿ ಗೋಡೆಯ ಮೇಲಿನ ನಕ್ಷೆ ನೋಡುತ್ತ ಕೂತೇ ಇದ್ದಳು. ಮಾಡಿದ್ದಕ್ಕೆ ಇನ್ಸ್‌ಪೆಕ್ಟರಿಗೇ ನಾಚಿಕೆಯಾಯಿತು.

ಪ್ರಯೋಗಾಲಯದ ವರದಿ ಆ ವಾರದಲ್ಲೇ ಬಂತು. ಆಂಪ್ಲಿಫೈಯರಿನೊಳಗೆ ಸುರಿದದ್ದು ಉಪ್ಪುನೀರು. ಅದರಿಂದ ಕರೆಂಟು ಲೋಹದ ಹೊರಮೈಗೆ ಹರಿದಿತ್ತು. ಅರ್ಥಿಂಗ್ ಇಲ್ಲದ ಶಾಲೆಯ ವೈರಿಂಗು ಉಳಿದ ಕೆಲಸ ಮಾಡಿತ್ತು. ಶಾಲೆಯಲ್ಲಿ ಉಪ್ಪುನೀರು ಎಲ್ಲಿಂದ ಬಂತೆಂದು ಕೇಳಿದಾಗ ಗಣಿತದ ಮೇಷ್ಟ್ರು ಏನೂ ತೋಚದೆ, ಇಂಗ್ಲಿಷ್ ಮೇಡಂ ಗಂಟಲಿಗೆಂದು ದಿನಾ ಫ್ಲಾಸ್ಕಿನಲ್ಲಿ ತರುತ್ತಾರಲ್ಲ, ಬಾಯಿ ಮುಕ್ಕಳಿಸಲು, ಎಂದರು. ಹೇಳಿದ ಮೇಲೆ ಅವರ ಮುಖ ಬಿಳಿಚಿತು. ಪರೀಕ್ಷೆಯ ದಿನ ಓದಿ ಹೇಳುವ ಮೊದಲು ಆ ಟೀಚರ್ ಗಂಟಲು ಸರಿಮಾಡಿಕೊಳ್ಳಲು ಇವರ ಬಾಟಲಿಯ ನೀರು ಕೇಳಿ ಕುಡಿದಿದ್ದರು. ಫ್ಲಾಸ್ಕು ಆಗಲೇ ಖಾಲಿಯಾಗಿತ್ತು.

ಟೀಚರನ್ನು ಠಾಣೆಗೆ ಕರೆಸಿದರು. ಮಹಿಳಾ ಪೇದೆ ಪಕ್ಕದಲ್ಲಿ ಕೂತಳು. ಇನ್ಸ್‌ಪೆಕ್ಟರು ಫ್ಲಾಸ್ಕಿನ ಮಾತು ಎತ್ತಲಿಲ್ಲ.

"ಮಗಳಿಗೆ ಕಿವಿ ಯಾವಾಗಿಂದ ಕೇಳಲ್ಲ ಮೇಡಂ?"

"ಅವಳಿಗೆ ಕೇಳುತ್ತೆ."

"ಮೇಡಂ..."

"ಸ್ವಲ್ಪ ಕಡಿಮೆ. ಅಷ್ಟೇ."

ಅಟೆಂಡರನ ಮೂರು ಬೆರಳು ತೆಗೆದಿದ್ದಾರೆ, ಜೀವಕ್ಕೆ ಅಪಾಯವಿಲ್ಲ ಎಂದು ಇನ್ಸ್‌ಪೆಕ್ಟರು ತಿಳಿಸಿದರು. ಅಲ್ಲಿಯವರೆಗೆ ನೆಟ್ಟಗಿದ್ದ ಬೆನ್ನು ಬಾಗಿತು. ಆಮೇಲೆ ಅವರೇ ಹೇಳುತ್ತ ಹೋದರು, ಪೇದೆ ಬರೆದುಕೊಳ್ಳುತ್ತ ಹೋದಳು.

ಮಗಳು ಎಳೆಯವಳಿದ್ದಾಗ ಬಂದ ಜ್ವರ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಡಾಕ್ಟರು ಕೊಟ್ಟ ಶ್ರವಣಯಂತ್ರವನ್ನು ತಾಯಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕನ್ನಡಿಯ ಮುಂದೆ ಕೂರಿಸಿಕೊಂಡು ಒಂದೊಂದೇ ಶಬ್ದವನ್ನು ತುಟಿಯ ಮೇಲೆ ಕಲಿಸಿದರು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಅವುಗಳ ವ್ಯತ್ಯಾಸ ತಿಳಿಯಲೆಂದು ಮಗಳ ಅಂಗೈಯನ್ನು ತಮ್ಮ ಗಂಟಲಿಗೆ ಒತ್ತಿಕೊಳ್ಳುತ್ತಿದ್ದರು. ಮಗು ಇಂಗ್ಲಿಷ್ ಕಲಿತದ್ದೂ ಹಾಗೆಯೇ, ತಾಯಿಯ ಗಂಟಲು ಮುಟ್ಟಿಕೊಂಡು. ತರಗತಿಯಲ್ಲಿ ಮುಂದಿನ ಬೆಂಚು, ಚುರುಕು ಕಣ್ಣು. ಯಾರಿಗೂ ಸುಳಿವು ಹತ್ತಲಿಲ್ಲ. ಈ ವರ್ಷ ಬಂದ ಯಂತ್ರಕ್ಕೆ ತುಟಿಯೂ ಇರಲಿಲ್ಲ, ಗಂಟಲೂ ಇರಲಿಲ್ಲ. ಹೆಡ್‌ಮಾಸ್ಟರ ಹತ್ತಿರ ಹೋಗಿ, ನಾನೇ ಓದಿ ಹೇಳುತ್ತೇನೆ ಎಂದು ಬೇಡಿಕೊಂಡರು. ಯಂತ್ರ ಕೆಟ್ಟರೆ ಮಾತ್ರ ಎಂದು ಅವರು ನಿಯಮ ತೋರಿಸಿದರು.

"ನಿಯಮದಲ್ಲಿ ಇನ್ನೊಂದು ದಾರೀನೂ ಇತ್ತು," ಎಂದರು ಇನ್ಸ್‌ಪೆಕ್ಟರು. "ಕಿವಿ ಕೇಳದ ಮಕ್ಕಳು ಓದೋ ಪರೀಕ್ಷೆ ಮಾತ್ರ ಬರೀಬಹುದು."

"ಆ ದಾರೀಲಿ ಹೋದ್ರೆ ಅವಳ ಹೆಸರು ಹೋಗುತ್ತೆ ಸಾರ್. ಆಮೇಲೆ ಉಳಿಯೋದು ಕಿವುಡಿ ಅನ್ನೋದು ಮಾತ್ರ."

"ಅದಕ್ಕೆ ನೀರು ಹುಯ್ದಿರಿ."

"ಮೆಷಿನ್ ಸುಮ್ಮನಾಗುತ್ತೆ ಅಂದ್ಕೊಂಡೆ. ಅಷ್ಟೇ ಅಂದ್ಕೊಂಡೆ."

ಪಾರ್ಡನ್ನನನ್ನು ಜೀಪಿಗೆ ಹತ್ತಿಸಿದಾಗ ಯಾಕೆ ಬಾಯಿ ಬಿಡಲಿಲ್ಲ ಎಂದು ಇನ್ಸ್‌ಪೆಕ್ಟರು ಕೇಳಿದರು. ಪೇದೆ ಆ ಪ್ರಶ್ನೆ ಬರೆದು, ಮುಂದೆ ಖಾಲಿ ಬಿಟ್ಟಳು.

ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸಬೇಕಿತ್ತು. ಹುಡುಗಿ ದೊಡ್ಡಪ್ಪನ ಜೊತೆ ಠಾಣೆಗೆ ಬಂದಿದ್ದಳು. ಮಹಿಳಾ ಪೇದೆ ಅವಳ ಎದುರು ಮೊಣಕಾಲೂರಿ ಕೂತು ನಿಧಾನವಾಗಿ ಎಲ್ಲ ಹೇಳಿದಳು. ಹುಡುಗಿ ಮೊದಲು ಕೇಳಿದ್ದು ಅಟೆಂಡರನ ಬಗ್ಗೆ. ಆತ ಬದುಕಿದ್ದಾನೆಂದು ತಿಳಿದ ಮೇಲೆ, ಬಹಳ ದಿನದಿಂದ ಕಟ್ಟಿಟ್ಟುಕೊಂಡವಳಂತೆ ಮಾತಾಡಿದಳು.

"ಪರೀಕ್ಷೆ ಹಿಂದಿನ ದಿನಾನೇ ಹೇಳಿದ್ದೆ ಅಮ್ಮನಿಗೆ. ನಾನೇ ಹೋಗಿ ಹೆಡ್‌ಮಾಸ್ಟರಿಗೆ ಹೇಳ್ತೀನಿ, ಓದೋ ಪರೀಕ್ಷೆ ಮಾತ್ರ ಬರೀತೀನಿ ಅಂತ. ಅಮ್ಮ ಕೈಯಿಂದ ನನ್ನ ಬಾಯಿ ಮುಚ್ಚಿದ್ರು."

"ಅಮ್ಮ ಓದುವಾಗ ಯಾಕಮ್ಮ ತಲೆ ಎತ್ತಲಿಲ್ಲ?"

"ಅಟೆಂಡರ್ ತಾತ ಬಿದ್ದಾಗ ಎಲ್ಲರೂ ತಾತನ ಕಡೆ ನೋಡಿದ್ರು. ಅಮ್ಮ ನನ್ನ ಕಡೆ ನೋಡಿದ್ರು. ಆವಾಗಲೇ ನಂಗೆ ಗೊತ್ತಾಯ್ತು. ಅಮ್ಮ ಓದಿದ ಭಾಗದ ಉತ್ತರ ಒಂದೂ ನಾನು ಬರೀಲಿಲ್ಲ. ಎಲ್ಲಾ ಹಾಗೇ ಖಾಲಿ ಕೊಟ್ಟೆ."

ಅಮ್ಮನನ್ನು ನೋಡುತ್ತೀಯಾ ಎಂದರೆ, ಬೇಡ ಎಂದು ತಲೆಯಾಡಿಸಿ ದೊಡ್ಡಪ್ಪನ ಕೈ ಹಿಡಿದು ಮೆಟ್ಟಿಲಿಳಿದಳು.

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಸಿದ್ಧವಾಗುತ್ತಿದ್ದಾಗ, ಹೇಳುವುದು ಇನ್ನೇನಾದರೂ ಇದೆಯೇ ಎಂದು ಇನ್ಸ್‌ಪೆಕ್ಟರು ವಾಡಿಕೆಯಂತೆ ಕೇಳಿದರು. ಟೀಚರ್ ಸೆರಗು ಹೊದ್ದುಕೊಂಡು ತಮ್ಮ ಅಕ್ಕನ ಬಗ್ಗೆ ಹೇಳಿದರು. ಅಕ್ಕ ಹುಟ್ಟುಕಿವುಡಿ. ಮನೆಯಲ್ಲಿ ಅವಳನ್ನು ಕರೆಯಬೇಕೆಂದರೆ ಬೆನ್ನಿಗೆ ಸಣ್ಣ ಕಲ್ಲು ಎಸೆಯುತ್ತಿದ್ದರು. ಬಂದ ನೆಂಟರಿಷ್ಟರೂ ಅದನ್ನೇ ಕಲಿತಿದ್ದರು. ಶಾಲೆಗೆ ಕಳಿಸಲಿಲ್ಲ. ಒಂದು ದಿನ ರಸ್ತೆ ದಾಟುವಾಗ ಲಾರಿ ಹಾಯ್ದು ತೀರಿಹೋದಳು.

"ಹಾರ್ನ್ ಹೊಡೆದಿದ್ದೆ ಅಂದ ಡ್ರೈವರ್. ನೋಡಿದವರೂ ಹೌದು ಅಂದ್ರು. ಹಾಗಾದ್ರೆ ತಪ್ಪು ನಿಮ್ಮ ಹುಡುಗೀದೇ ಅಂತ ಠಾಣೆಯವರು ಅಪ್ಪನ್ನ ವಾಪಸ್ ಕಳಿಸಿದ್ರು. ಎಫ್‌ಐಆರ್ ಕೂಡ ಆಗ್ಲಿಲ್ಲ ಸಾರ್."

ಪೇದೆ ಪೆನ್ನು ಹಿಡಿದು, ಇದನ್ನೂ ಬರೆಯಬೇಕೇ ಎಂಬಂತೆ ಇನ್ಸ್‌ಪೆಕ್ಟರ ಮುಖ ನೋಡಿದಳು. ಈ ಕೇಸಿಗೆ ಅದರಿಂದ ಮೂರುಕಾಸಿನ ಉಪಯೋಗವಿರಲಿಲ್ಲ. ಬರೆ ಎಂದರು ಅವರು. ಆಮೇಲೆ, ಲಾರಿಯ ನಂಬರು ಏನಾದರೂ ನೆನಪಿದೆಯೇ ಎಂದು ಟೀಚರನ್ನು ಕೇಳಿದರು.

ಟೀಚರ್ ಒಂದೇ ಉಸಿರಿನಲ್ಲಿ ಹೇಳಿದರು. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.